ಶನಿವಾರದ ಸೊನ್ನೆಗಳು

2021ರ ಮೇ ತಿಂಗಳು. ವಿಜಯಪುರ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ನಾನು ಪ್ರಭಾರಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿದ್ದೆ. ಪ್ರಭಾರಿ ಎಂದರೆ ಕೆಲಸ ಪೂರ್ತಿ, ಆದೇಶ ಮಾತ್ರ ತಾತ್ಕಾಲಿಕ. ನನ್ನದು ನಾಲ್ಕು ವರ್ಷದಿಂದ ತಾತ್ಕಾಲಿಕವಾಗಿಯೇ ಇತ್ತು. ಮೂವತ್ತೆರಡು ವರ್ಷದ ಸೇವೆಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಊರಿನ ನೀರು ಕುಡಿದಿದ್ದೇನೆ. ಇದು ಎಲ್ಲಿ ನಡೆದದ್ದು ಎಂದು ಹೇಳುವುದಿಲ್ಲ. ಊರಿನ ಹೆಸರು ಬಿಟ್ಟರೆ ಕಥೆಗೇನೂ ನಷ್ಟವಿಲ್ಲ.

ನಮ್ಮಲ್ಲಿ ಐವತ್ತು ಹಾಸಿಗೆಯ ಕೋವಿಡ್ ವಾರ್ಡ್ ಇತ್ತು. ನರ್ಸುಗಳ ಹುದ್ದೆ ಹತ್ತೊಂಬತ್ತು. ಅದರಲ್ಲಿ ಎರಡು ಖಾಲಿ, ಒಬ್ಬಳು ಬಾಣಂತಿ, ಇಬ್ಬರಿಗೆ ಸ್ವತಃ ಕೋವಿಡ್ ಬಂದು ಮನೆಯಲ್ಲಿದ್ದರು. ಉಳಿದ ಹದಿನಾಲ್ಕು ಜನ ಮೂರು ಪಾಳಿಯಲ್ಲಿ ಆಸ್ಪತ್ರೆಯನ್ನು ಎಳೆಯುತ್ತಿದ್ದರು. ಮೊದಲ ಅಲೆಯಲ್ಲಿ ಒಂದು ವಾರ ಕೋವಿಡ್ ಡ್ಯೂಟಿ ಮಾಡಿದವರಿಗೆ ಒಂದು ವಾರ ಹಾಸ್ಟೆಲ್ಲಿನಲ್ಲಿ ಪ್ರತ್ಯೇಕ ವಾಸ ಇರುತ್ತಿತ್ತು. ಹೆಸರಿಗೆ ಕ್ವಾರಂಟೈನ್, ನಿಜದಲ್ಲಿ ಅದೇ ವಿಶ್ರಾಂತಿ. ಎರಡನೇ ಅಲೆಯಲ್ಲಿ ಅದು ಹೋಯಿತು. ವಾರದ ರಜೆಯೂ ಹೋಯಿತು. ನಮ್ಮ ಬಿಸಿಲಿನಲ್ಲಿ ಪಿಪಿಇ ಕಿಟ್ ಹಾಕಿಕೊಂಡು ಆರು ತಾಸು ನಿಂತವರು ಹೊರಗೆ ಬಂದಾಗ ಬೂಟಿನೊಳಗಿಂದ ಬೆವರು ಸುರಿಯುತ್ತಿತ್ತು. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ, ನೆಲ ಒರೆಸಬೇಕಾಗುತ್ತಿತ್ತು.

ಇಂಥ ಹೊತ್ತಿನಲ್ಲಿ ಮೇಲಿನ ಕಚೇರಿಯಿಂದ ಒಂದು ನಮೂನೆ ಬಂತು. ಸಿಬ್ಬಂದಿಯ ಕ್ಷೇಮ ಸಮೀಕ್ಷೆಯಂತೆ. ಪ್ರತಿ ಶನಿವಾರ ಸಂಜೆಯೊಳಗೆ ಕಂಪ್ಯೂಟರಿನಲ್ಲಿ ತುಂಬಬೇಕು. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಭಯ ಇದೆಯೇ, ಕೆಲಸದಲ್ಲಿ ಗಮನ ನಿಲ್ಲುತ್ತದೆಯೇ, ಹೀಗೆ ಒಂಬತ್ತು ಪ್ರಶ್ನೆ. ಪ್ರತಿ ಪ್ರಶ್ನೆಗೆ ಸೊನ್ನೆಯಿಂದ ಮೂರರವರೆಗೆ ಅಂಕ. ಸೊನ್ನೆ ಎಂದರೆ ತೊಂದರೆ ಇಲ್ಲ, ಮೂರು ಎಂದರೆ ಬಹಳ ತೊಂದರೆ. ಒಟ್ಟು ಹದಿನೈದು ದಾಟಿದವರಿಗೆ ಆಪ್ತಸಮಾಲೋಚಕರು ಫೋನ್ ಮಾಡುತ್ತಾರೆ, ಮತ್ತು "ಬದಲಿ ಸಿಬ್ಬಂದಿ ಲಭ್ಯವಿದ್ದಲ್ಲಿ" ಏಳು ದಿನ ವಿಶ್ರಾಂತಿ ಕೊಡಬಹುದು. ಯೋಚನೆ ಕೆಟ್ಟದ್ದೆಂದು ನಾನು ಇಂದಿಗೂ ಹೇಳುವುದಿಲ್ಲ. ಬದಲಿ ಸಿಬ್ಬಂದಿ ಇದ್ದಿದ್ದರೆ ಸಮೀಕ್ಷೆಯೇ ಬೇಕಾಗುತ್ತಿರಲಿಲ್ಲ ಎಂಬುದಷ್ಟೇ ಬರೆದವರಿಗೆ ಹೊಳೆದಿರಲಿಲ್ಲ.

ಮೊದಲ ಶನಿವಾರ ನಾನು ಪ್ರಾಮಾಣಿಕಳಾಗಿದ್ದೆ. ಎಲ್ಲರನ್ನೂ ಕೇಳಿ ತುಂಬಿದೆ. ರೇಣುಕಾ ಎಂಬ ನಮ್ಮ ನರ್ಸಿಗೆ ಹತ್ತೊಂಬತ್ತು ಬಂತು. ಸಮಾಲೋಚಕರು ಅವಳಿಗೆ ಮೂರು ಸಲ ಫೋನ್ ಮಾಡಿದರು, ಮೂರೂ ಸಲ ಅವಳು ಕಿಟ್ ಹಾಕಿಕೊಂಡು ವಾರ್ಡಿನೊಳಗಿದ್ದಳು. ಒಳಗೆ ಫೋನ್ ಒಯ್ಯುವಂತಿಲ್ಲ. ನಾಲ್ಕನೇ ಸಲ ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳನ್ನು ಎಬ್ಬಿಸಿ, ದೀರ್ಘವಾಗಿ ಉಸಿರಾಡಿ ಎಂದರಂತೆ. ದಿನವಿಡೀ ರೋಗಿಗಳಿಗೆ ಅದನ್ನೇ ಹೇಳಿ ಗಂಟಲು ಹರಿದುಕೊಂಡಿದ್ದ ರೇಣುಕಾ ಫೋನ್ ಇಟ್ಟುಬಿಟ್ಟಳು. ಎರಡು ದಿನಕ್ಕೆ ನನಗೆ ಪತ್ರ ಬಂತು: ನಿಮ್ಮ ಸಿಬ್ಬಂದಿ ಸಮಾಲೋಚನೆಗೆ ಸಹಕರಿಸುತ್ತಿಲ್ಲ, ಕಾರಣ ತಿಳಿಸಿ.

ಕಾರಣ ಬರೆಯುವುದಕ್ಕೆ ಅರ್ಧ ದಿನ ಹೋಯಿತು. ನಮ್ಮ ಕ್ಲರ್ಕ್ ಮಲ್ಲಪ್ಪ ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಸರ್ಕಾರದ ಎಲ್ಲ ನಮೂನೆಗಳ ಗುಣ ಬಲ್ಲವನು. ಅವನು ಸಮಾಧಾನವಾಗಿ ಹೇಳಿದ.

"ಬಾಯಾರ, ಖರೇ ಬರದ್ರ ಪತ್ರ ಬರ್ತಾವು. ಎಲ್ಲಾರಿಗೂ ಸೊನ್ನಿ ಹಾಕ್ರಿ, ಪತ್ರ ಬರೂದು ನಿಲ್ತೈತಿ."

ಎರಡನೇ ಶನಿವಾರದಿಂದ ನಾನೇ ತುಂಬಿದೆ. ಯಾರನ್ನೂ ಕೇಳಲಿಲ್ಲ. ಹತ್ತು ನಿಮಿಷದ ಕೆಲಸ. ಎಲ್ಲವೂ ಸೊನ್ನೆಯಾದರೆ ಅನುಮಾನ ಬರುತ್ತದೆಂದು ಅಲ್ಲೊಂದು ಇಲ್ಲೊಂದು ಒಂದು ಹಾಕಿದೆ. ಒಬ್ಬರಿಗೆ ಒಟ್ಟು ಎರಡು, ಇನ್ನೊಬ್ಬರಿಗೆ ಮೂರು. ಎಷ್ಟು ಜಾಣತನದಿಂದ ತುಂಬಿದೆನೆಂದರೆ, ನೋಡಿದರೆ ನನಗೇ ನಂಬಿಕೆ ಬರುವಂತಿತ್ತು. ಮಲ್ಲಪ್ಪ ಹೇಳಿದ್ದು ನಿಜವಾಯಿತು, ಪತ್ರಗಳು ನಿಂತವು. ಮೂರು ಶನಿವಾರ ಹೀಗೇ ಕಳೆದವು.

ಈಗ ಶಾಹೀದಾಳ ವಿಷಯ. ಅವಳು ಆ ಊರಿನವಳೇ. ಅವಳ ತಂದೆಯದು ಬಜಾರಿನಲ್ಲಿ ಬಳೆ ಅಂಗಡಿ, ಅಜ್ಜನ ಕಾಲದ್ದು. ಗಂಡ ಸಾಲಿ ಮಾಸ್ತರು, ನಾಲ್ಕು ವರ್ಷದ ಮಗಳೊಬ್ಬಳು. ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು. ಮುದುಕರ ಒಣಗಿದ ಕೈಯಲ್ಲಿ ನರ ಹುಡುಕಿ ಸೂಜಿ ಹಾಕುವುದರಲ್ಲಿ ನಮ್ಮ ಡಾಕ್ಟರುಗಳೂ ಅವಳನ್ನೇ ಕರೆಯುತ್ತಿದ್ದರು. ವಾರ್ಡಿಗೆ ಹೊಸಬರು ಯಾರಾದರೂ ಅಂಜಿಕೊಂಡು ಬಂದರೆ "ಯಾರ ಮಗಳವಾ, ಯಾವ ಊರು" ಎಂದು ಮಾತಿಗೆ ಎಳೆದು, ಅವರು ಊರಿನ ಹೆಸರು ಹೇಳುವಷ್ಟರಲ್ಲಿ ಸೂಜಿ ಹಾಕಿ ಮುಗಿಸಿರುತ್ತಿದ್ದಳು. ನನಗೆ ಅವಳೆಂದರೆ ಹೆಮ್ಮೆ. ಹೆಮ್ಮೆಯ ಜನರಿಗೇ ನಾವು ಹೆಚ್ಚು ಕೆಲಸ ಹೇರುತ್ತೇವೆ. ಮೇ ಕೊನೆಯ ಹೊತ್ತಿಗೆ ಅವಳು ಒಂದೂ ರಜೆಯಿಲ್ಲದೆ ಇಪ್ಪತ್ತಾರು ದಿನ ಕೋವಿಡ್ ವಾರ್ಡಿನಲ್ಲಿದ್ದಳು. ಪಾಳಿಯ ಪಟ್ಟಿ ಬರೆದವಳು ನಾನೇ.

ಒಂದು ಮಂಗಳವಾರ ಬೆಳಿಗ್ಗೆ ಹತ್ತರ ಸುಮಾರಿಗೆ ನಾನೂ ಕಿಟ್ ಹಾಕಿಕೊಂಡು ರೌಂಡಿಗೆ ಹೋಗಿದ್ದೆ. ಏಳನೇ ಹಾಸಿಗೆಯಲ್ಲಿ ಸೋಮವ್ವ ಎಂಬ ಅರವತ್ತು ದಾಟಿದ ಹೆಂಗಸು ಆಕ್ಸಿಜನ್ ಮೇಲಿದ್ದಳು. ಅವಳ ಪಕ್ಕದಲ್ಲಿ ಶಾಹೀದಾ ಸಿರಿಂಜ್ ಹಿಡಿದು ನಿಂತಿದ್ದಳು. ಇಂಜೆಕ್ಷನ್ ಕೊಡುತ್ತಿಲ್ಲ, ಸುಮ್ಮನೆ ನಿಂತಿದ್ದಾಳೆ. ನನ್ನನ್ನು ಕಂಡು ಕೈಸನ್ನೆ ಮಾಡಿದಳು. ಹತ್ತಿರ ಹೋದೆ.

"ಅಕ್ಕಾರ, ಇದು ಏನೈತಿ ಓದ್ರಿ" ಎಂದು ಒಡೆದ ಆಂಪೂಲನ್ನು, ಔಷಧದ ಆ ಚಿಕ್ಕ ಸೀಸೆಯನ್ನು, ನನ್ನ ಮುಂದೆ ಹಿಡಿದಳು.

ವಿಷಯ ಹೀಗೆ. ಆಂಟಿಬಯೋಟಿಕ್ ಪುಡಿಯ ರೂಪದಲ್ಲಿ ಬರುತ್ತದೆ. ಅದನ್ನು ಶುದ್ಧ ನೀರಿನಲ್ಲಿ ಕರಗಿಸಿ ನರಕ್ಕೆ ಕೊಡಬೇಕು. ಆ ನೀರು ಹತ್ತು ಮಿಲಿಯ ಸಣ್ಣ ಆಂಪೂಲಿನಲ್ಲಿ ಇರುತ್ತದೆ. ಪೊಟ್ಯಾಶಿಯಂ ಕ್ಲೋರೈಡ್ ಕೂಡ ಅಂಥದೇ ಆಂಪೂಲಿನಲ್ಲಿ, ಅಂಥದೇ ಬಣ್ಣವಿಲ್ಲದ ದ್ರವ. ಅದನ್ನು ದೊಡ್ಡ ಸಲೈನ್ ಬಾಟಲಿಗೆ ಬೆರೆಸಿ ನಿಧಾನವಾಗಿ ಹನಿಸಿದರೆ ಔಷಧ. ಸಿರಿಂಜಿನಿಂದ ನೇರ ನರಕ್ಕೆ ದೂಡಿದರೆ ಹೃದಯ ನಿಲ್ಲುತ್ತದೆ. ನಾನು ಮಬ್ಬಾದ ಕನ್ನಡಕದೊಳಗಿಂದ ಆ ಆಂಪೂಲಿನ ಅಕ್ಷರ ಓದಿದೆ. ಪೊಟ್ಯಾಶಿಯಂ ಕ್ಲೋರೈಡ್.

ಸಿರಿಂಜನ್ನು ಅವಳ ಕೈಯಿಂದ ತೆಗೆದುಕೊಂಡೆ. ಸೋಮವ್ವನಿಗೆ ನಾನೇ ಬೇರೆ ಇಂಜೆಕ್ಷನ್ ತಯಾರಿಸಿ ಕೊಟ್ಟೆ. ಶಾಹೀದಾಳನ್ನು ಹೊರಗೆ ಕರೆದುಕೊಂಡು ಬಂದು, ಕಿಟ್ ತೆಗೆಯುವ ಕೋಣೆಯ ಬೆಂಚಿನ ಮೇಲೆ ಕೂರಿಸಿದೆ. ಮಾಸ್ಕಿನ ಅಂಚು ಕೂತಲ್ಲಿ ಅವಳ ಮೂಗಿನ ಮೇಲೆ ಹುಣ್ಣಾಗಿತ್ತು. ಅಳಲಿಲ್ಲ. ಬಹಳ ಮೆಲ್ಲಗೆ ಮಾತಾಡಿದಳು.

"ಮೂರ ಸಲ ಓದಿದೆ ಅಕ್ಕಾರ. ಅಕ್ಷರ ಕಾಣ್ತಾವು, ಏನ್ ಓದಿದ್ನಿ ಅನ್ನೂದು ತಿಳಿವಲ್ದು. ಅದಕ್ಕ ನಿಂತೆ. ನನಗ ಒಂದ್ ವಾರ ಮನಿಗಿ ಕಳಸ್ರಿ. ಇಲ್ಲಂದ್ರ ನನ್ನ ಕೈಯಾಗ ಯಾರರೆ ಸಾಯ್ತಾರ."

ಕಳಿಸುತ್ತೇನೆ ಎಂದು ಮಾತು ಕೊಟ್ಟೆ. ಕೊಟ್ಟ ಮಾತು ಸುಲಭವೆಂದೇ ನನ್ನ ಭಾವನೆ. ಆದರೆ ಆಫೀಸಿಗೆ ಬರುವಷ್ಟರಲ್ಲಿ ಮಲ್ಲಪ್ಪ ಒಂದು ಆದೇಶದ ಪ್ರತಿ ಹಿಡಿದು ನಿಂತಿದ್ದ. ಕ್ಷೇಮ ಸಮೀಕ್ಷೆಯಲ್ಲಿ ನಮ್ಮ ಆಸ್ಪತ್ರೆಯ ಸಿಬ್ಬಂದಿಯ ಮನೋಸ್ಥೈರ್ಯ ಅತ್ಯುತ್ತಮವಾಗಿದೆ ಎಂದು ಮೊದಲ ಪ್ಯಾರಾದಲ್ಲಿ ಅಭಿನಂದನೆ. ಎರಡನೇ ಪ್ಯಾರಾದಲ್ಲಿ, ಆ ಕಾರಣ ನಮ್ಮಿಂದ ಇಬ್ಬರು ನರ್ಸುಗಳನ್ನು ಒತ್ತಡದಲ್ಲಿರುವ ಇನ್ನೊಂದು ಆಸ್ಪತ್ರೆಗೆ ನಿಯೋಜಿಸಿದೆ, ನಾಳೆಯೇ ಬಿಡುಗಡೆ ಮಾಡಿ ಎಂದಿತ್ತು. ಎರಡು ಹೆಸರು. ಮೊದಲನೆಯದು ಶಾಹೀದಾ.

ನಾನು ಕೂಡಲೇ ಮೇಲಿನ ಕಚೇರಿಗೆ ಫೋನ್ ಮಾಡಿದೆ. ಅಲ್ಲಿನ ಅಧಿಕಾರಿ ಒರಟು ಮನುಷ್ಯನೇನಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿದರು. ಆಂಪೂಲಿನ ಮಾತು ಮಾತ್ರ ನಾನು ಎತ್ತಲಿಲ್ಲ, ಅವಳು ದಣಿದಿದ್ದಾಳೆ ಎಂದಷ್ಟೇ ಹೇಳಿದೆ.

"ಮೇಡಮ್ಮಾರ, ನಿಮ್ಮ ಶೀಟ್ ನನ್ನ ಮುಂದನ ಐತಿ. ಆಕಿ ಸ್ಕೋರ್ ಎರಡು. ಶನಿವಾರ ಎರಡು ಇದ್ದಾಕಿ ಮಂಗಳವಾರ ಏಳಾಕ ಬರದಂಗ ಹ್ಯಾಂಗ ಆದ್ಲು?"

ಅವರೇ ಮುಂದುವರಿಸಿದರು.

"ಬ್ಯಾರೆ ಕಡೆ ಸ್ಟಾಫ್ ಇಲ್ಲದ ಒದ್ದಾಡಾಕತ್ತಾರ. ನಿಮ್ಮಲ್ಲಿ ಎಲ್ಲಾರೂ ಆರಾಮ ಅದಾರ. ಆರಾಮ ಇದ್ದಲ್ಲಿಂದ ತಗೀಬೇಕಲ್ರಿ?"

ಅವರ ಮಾತಿನಲ್ಲಿ ಒಂದು ತಪ್ಪನ್ನೂ ನಾನು ಹುಡುಕಲಾರದೆ ಹೋದೆ. ಅದಕ್ಕೆ ನನ್ನ ಮೇಲೆ ನನಗೇ ಬಂದ ಸಿಟ್ಟು ಈಗಲೂ ಇಳಿದಿಲ್ಲ. ಮೂವತ್ತೆರಡು ವರ್ಷ ನಾನು ಹೊಸ ನರ್ಸುಗಳನ್ನು ಒಂದೇ ವಿಷಯಕ್ಕೆ ಬೈದಿದ್ದೇನೆ. ಥರ್ಮಾಮೀಟರ್ ಇಡದೆ ಚಾರ್ಟಿನಲ್ಲಿ ತೊಂಬತ್ತೆಂಟೂವರೆ ಎಂದು ಬರೆಯುವ ಚಾಳಿ. ಹಾಗೆ ಬರೆದವಳ ಪೆನ್ನು ಕಸಿದುಕೊಂಡು ವಾರ್ಡಿನ ನಡುವೆ ನಿಲ್ಲಿಸಿದ್ದೂ ಇದೆ. ಈಗ ಹದಿನಾಲ್ಕು ಜನರ ಜೀವದ ಜ್ವರವನ್ನು ನಾನು ಮುಟ್ಟಿಯೂ ನೋಡದೆ ಬರೆದಿದ್ದೆ. ನನ್ನನ್ನು ಬೈಯುವವರು ಯಾರೂ ಇರಲಿಲ್ಲ. ಬದಲಿಗೆ ಅಭಿನಂದನೆ ಬಂದಿತ್ತು.

ಮಲ್ಲಪ್ಪನಿಗೆ ನನ್ನ ಮುಖ ನೋಡಿ ಪಾಪವೆನಿಸಿರಬೇಕು. ಒಂದು ದಾರಿ ತೋರಿಸಿದ.

"ಶಾಹೀದಾಬಾಯಾರಿಗೆ ಪಾಸಿಟಿವ್ ಅಂತ ತೋರ್ಸಿಬಿಡ್ರಿ. ನಿಯೋಜನೆ ತಾನ ರದ್ದಾಗ್ತೈತಿ, ಮನ್ಯಾಗ ಮಲ್ಕೊಳ್ಳಾಕ ರಜಾನೂ ಸಿಗ್ತೈತಿ. ಯಾರೂ ಕೇಳಂಗಿಲ್ಲ."

ನಾನು ಛೀ ಎಂದೆನೆಂದು ಬರೆದರೆ ಸುಳ್ಳಾಗುತ್ತದೆ. ಯೋಚಿಸಿದೆ. ಆ ಹೊತ್ತಿಗೆ ಅದೇ ಸರಿಯಾದ ದಾರಿ ಎನಿಸಿತು. ಒಬ್ಬಳ ಜೀವ ಉಳಿಯುತ್ತದೆ, ಅವಳ ಕೈಯಲ್ಲಿರುವ ರೋಗಿಗಳೂ ಉಳಿಯುತ್ತಾರೆ. ಬೆಂಚಿನ ಮೇಲೆ ಕೂತಿದ್ದವಳಿಗೆ ಹೋಗಿ ಹೇಳಿಯೂ ಬಿಟ್ಟೆ. ಶಾಹೀದಾ ತಲೆಯೆತ್ತಿ ನೋಡಿದಳು.

"ಪಾಸಿಟಿವ್ ಅಂದ್ರ ಮನಿ ಮುಂದ ಪಟ್ಟಿ ಕಟ್ತಾರ. ಅಪ್ಪನ ಅಂಗಡಿಗಿ ವರ್ಷಗಟ್ಟಲೆ ಒಬ್ರೂ ಬರಂಗಿಲ್ಲ. ನನಗ ಏನ್ ಆಗೈತಿ ಅನ್ನೂದು ನಿಮಗ ಗೊತ್ತೈತಿ, ನನಗ ಗೊತ್ತೈತಿ. ಸಾಕಾಗೈತಿ ಅಂತ ಬರಿಯಾಕ ಯಾಕ ಬರಂಗಿಲ್ಲ ಅಕ್ಕಾರ?"

ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿತ್ತು. ಬರೆಯಲು ಬರುತ್ತಿತ್ತು. ಅದಕ್ಕೆಂದೇ ಒಂಬತ್ತು ಪ್ರಶ್ನೆಯ ಜಾಗ ಮಾಡಿಕೊಟ್ಟಿದ್ದರು. ಅಲ್ಲಿ ನಾನು ಸೊನ್ನೆ ಬರೆದಿದ್ದೆ. ಅವಳಿಗೆ ಅದನ್ನು ಹೇಳಿದೆ. ನಿಮ್ಮ ಯಾರನ್ನೂ ಕೇಳದೆ ಮೂರು ವಾರದಿಂದ ನಾನೇ ತುಂಬುತ್ತಿದ್ದೇನೆ, ಅದಕ್ಕೇ ನಿನ್ನ ಹೆಸರು ನಿಯೋಜನೆಯಲ್ಲಿ ಬಂದಿದೆ ಎಂದೆ. ಅವಳು ಎದ್ದು ನಲ್ಲಿಯ ಕೆಳಗೆ ಕೈ ತೊಳೆಯತೊಡಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುತ್ತದೆ. ಅವತ್ತು ಕಿಟ್ ತೆಗೆಯುವ ಕೋಣೆಯ ಹೊರಗೆ ಬೇವಿನ ಮರದ ನೆರಳಿಗೆ ಕುರ್ಚಿ ಹಾಕಿಕೊಂಡು ಕೂತೆ. ಒಳಗಿಂದ ಹೊರಬಂದವರಿಗೂ, ಒಳಗೆ ಹೋಗುವವರಿಗೂ, ರಾತ್ರಿ ಪಾಳಿಯವರಿಗೆ ಫೋನಿನಲ್ಲೂ ಒಂಬತ್ತೂ ಪ್ರಶ್ನೆ ಬಾಯಿಂದ ಕೇಳಿ ಕಾಗದದ ಮೇಲೆ ಬರೆದೆ. ರೇಣುಕಾಳಿಗೆ "ನಿದ್ದಿ ಹ್ಯಾಂಗ ಅದ?" ಎಂದೆ. "ನಿದ್ದಿ ಬರ್ತೈತ್ರಿ. ಎದ್ದ ಮ್ಯಾಲ ಎಚ್ಚರಾಗಂಗಿಲ್ಲ" ಎಂದಳು. ಪ್ರವೀಣ ಎಂಬ ಗಂಡು ನರ್ಸಿಗೆ ಅಂಜಿಕೆಯ ಪ್ರಶ್ನೆ ಕೇಳಿದೆ. "ವಾರ್ಡಿನ್ಯಾಗ ಅಂಜಿಕಿ ಇಲ್ರಿ. ಮನಿಗಿ ಹೋಗಾಕ ಅಂಜ್ತೇನಿ. ಅವ್ವಗ ಸಕ್ಕರಿ ಬ್ಯಾನಿ ಐತಿ. ಹದಿನೈದ ದಿನಾತು, ದನದ ಕೊಟಗ್ಯಾಗ ಮಲಗಾಕತ್ತೇನಿ." ದಿನಾ ನಗುನಗುತ್ತಾ ಬರುವ ಹುಡುಗ. ನನಗೆ ಗೊತ್ತೇ ಇರಲಿಲ್ಲ.

ವಾರ್ಡು ಗುಡಿಸುವ ಗಂಗವ್ವ ಬಕೆಟ್ಟು ಇಟ್ಟು ಬಹಳ ಹೊತ್ತು ನಿಂತು ನೋಡಿದಳು. ಅವಳು ಹೊರಗುತ್ತಿಗೆಯವಳು. ನಮೂನೆಯಲ್ಲಿ ಹೊರಗುತ್ತಿಗೆಯವರಿಗೆ ಸಾಲೇ ಇರಲಿಲ್ಲ.

"ನಮಗ ಕೇಳಂಗಿಲ್ಲೇನ್ರಿ?" ಎಂದಳು.

ಕೇಳಿದೆ. ಸತ್ತವರನ್ನು ಚೀಲದಲ್ಲಿ ಸುತ್ತುವುದಕ್ಕೆ ಕೈ ಹಚ್ಚುವವಳು ಅವಳೇ. ಒಂಬತ್ತು ಪ್ರಶ್ನೆಗೆ ಇಪ್ಪತ್ತೈದು ಅಂಕ ಬಂತು. ಅದನ್ನು ಹಾಳೆಯ ಕೆಳಗೆ ಬೇರೆಯಾಗಿ ಬರೆದೆ. ಹದಿನಾಲ್ಕು ನರ್ಸುಗಳಲ್ಲಿ ಹನ್ನೊಂದು ಜನ ಹದಿನೈದು ದಾಟಿದ್ದರು. ಶಾಹೀದಾಳದು ಇಪ್ಪತ್ತೆರಡು.

ಅದೇ ಸಂಜೆ ಪತ್ರ ಬರೆದೆ. ಕಳೆದ ಮೂರು ಶನಿವಾರದ ಅಂಕಿಗಳನ್ನು ಸಿಬ್ಬಂದಿಯನ್ನು ಕೇಳದೆ ನಾನೇ ತುಂಬಿದ್ದೇನೆ, ಅವು ಸರಿಯಲ್ಲ, ಇಂದು ಕೇಳಿ ಬರೆದವನ್ನು ಲಗತ್ತಿಸಿದ್ದೇನೆ, ನಿಯೋಜನೆ ರದ್ದು ಮಾಡಿ ವಿಶ್ರಾಂತಿಗೆ ಅನುಮತಿ ಕೊಡಬೇಕು ಎಂದು. ಪತ್ರ ನಮ್ಮ ಆಡಳಿತ ವೈದ್ಯಾಧಿಕಾರಿಗಳ ಮೂಲಕವೇ ಹೋಗಬೇಕು. ಅವರು ಎರಡು ಸಲ ಓದಿದರು.

"ಬಾಯಾರ, ನಿಮಗ ರಿಟೈರ್ ಆಗಾಕ ಹದಿನೆಂಟ ತಿಂಗಳ ಉಳದಾವು. ಇದು ಹೋದ್ರ ನಿಮ್ಮ ಮ್ಯಾಲ ಬರ್ತೈತಿ."

"ಬರ್ಲಿ ಸರ. ತುಂಬಿದಾಕಿ ನಾನು, ಮತ್ತ ಯಾರ ಮ್ಯಾಲ ಬರಬೇಕು?" ಎಂದೆ. ಧೈರ್ಯದಿಂದೇನೂ ಹೇಳಲಿಲ್ಲ. ಅವರು ಸಹಿ ಹಾಕಿ ಕಳಿಸಿದರು, ಅದಕ್ಕೆ ನಾನು ಅವರಿಗೆ ಋಣಿ.

ಅನುಮತಿ ಬರುವವರೆಗೆ ಕಾಯಲಿಲ್ಲ. ನಿಯೋಜನೆಯಲ್ಲಿದ್ದ ಇಬ್ಬರನ್ನೂ ಬಿಡುಗಡೆ ಮಾಡಲಿಲ್ಲ. ಪಾಳಿಯ ಪಟ್ಟಿಯಲ್ಲಿ ಶಾಹೀದಾಳ ಹೆಸರಿನ ಮುಂದೆ ಏಳು ದಿನ "ವಿಶ್ರಾಂತಿ" ಎಂದು ಕೆಂಪು ಮಸಿಯಲ್ಲಿ ಬರೆದೆ. ಅವಳ ಬೆಳಗಿನ ಪಾಳಿಗೆ ನಾನೇ ಕಿಟ್ ಹಾಕಿಕೊಂಡು ನಿಂತೆ. ಐವತ್ತೆಂಟರ ವಯಸ್ಸು, ಬಿಪಿ ಬೇರೆ. ಎರಡನೇ ದಿನಕ್ಕೇ ಅರ್ಥವಾಯಿತು, ಇಪ್ಪತ್ತಾರು ದಿನ ಅವಳು ಹೇಗೆ ನಿಂತಿದ್ದಳೋ ಆ ದೇವರಿಗೇ ಗೊತ್ತು. ಉಳಿದ ಹತ್ತು ಜನರಿಗೆ ಸರದಿಯಲ್ಲಿ ಎರಡೆರಡು ದಿನ ಬಿಡುವು ಕೊಟ್ಟೆ. ಗಂಗವ್ವನ ಗುತ್ತಿಗೆದಾರನ ಜೊತೆ ಜಗಳವಾಡಿ ಅವಳಿಗೂ ಎರಡು ದಿನ ಕೊಡಿಸಿದೆ. ಅಷ್ಟೇ ನನ್ನ ಕೈಲಾದದ್ದು.

ಮೂರನೇ ದಿನ ನನಗೆ ಕಾರಣ ಕೇಳಿ ನೋಟಿಸು ಬಂತು, ಇಪ್ಪತ್ನಾಲ್ಕು ತಾಸಿನಲ್ಲಿ ಉತ್ತರಿಸಬೇಕು. ನಿಯೋಜನೆ ರದ್ದಾದ ಆದೇಶ ಹತ್ತನೇ ದಿನಕ್ಕೆ ಬಂತು. ಬದಲಿ ನರ್ಸುಗಳಿಬ್ಬರು ಬಂದದ್ದು ಹತ್ತೊಂಬತ್ತನೇ ದಿನ, ವಾರ್ಡು ಅರ್ಧ ಖಾಲಿಯಾದ ಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಬಂದವರು ಪಾಪ, ಏನು ಕೆಲಸ ಕೊಡುತ್ತೀರಿ ಎಂದು ನನ್ನನ್ನೇ ಕೇಳಿದರು.

ಶಾಹೀದಾ ಎಂಟನೇ ದಿನ ಕೆಲಸಕ್ಕೆ ಬಂದಳು. ಮೊದಲ ಮೂರು ದಿನ ಬರೀ ನಿದ್ದೆ ಮಾಡಿದೆನೆಂದಳು. ಸೋಮವ್ವ ಆಮೇಲೆ ಗುಣವಾಗಿ ಟಂಟಂ ಆಟೋ ಹತ್ತಿ ಊರಿಗೆ ಹೋದಳು. ಹೋಗುವಾಗ ತನ್ನ ಹಿತ್ತಾಳೆ ತಂಬಿಗೆ ಕಳೆದಿದೆ ಎಂದು ಇಡೀ ವಾರ್ಡನ್ನು ತರಾಟೆಗೆ ತೆಗೆದುಕೊಂಡಳು. ಅವಳು ಬೈಯುತ್ತಿದ್ದರೆ ಶಾಹೀದಾ ಗೋಡೆಗೆ ಒರಗಿ ನಿಂತು ಮೊದಲ ಸಲ ಅತ್ತಳು.

ನೋಟಿಸಿನಲ್ಲಿ ಒಂದು ಪ್ರಶ್ನೆ ಹೀಗಿತ್ತು: ಸದರಿ ತಪ್ಪು ಮಾಹಿತಿಯಿಂದ ರೋಗಿಗಳ ಆರೈಕೆಯ ಮೇಲೆ ಯಾವುದಾದರೂ ಪರಿಣಾಮ ಉಂಟಾಗಿದೆಯೇ? ಇಡೀ ನೋಟಿಸಿನಲ್ಲಿ ಇದೊಂದೇ ಕೇಳಬೇಕಾದ ಪ್ರಶ್ನೆ. ಉತ್ತರ ನನ್ನ ಬಳಿ ಇತ್ತು. ಆ ಮಂಗಳವಾರದ ಆಂಪೂಲಿನ ವಿಷಯ ಬರೆದರೆ, ಒಂದೇ ರೀತಿಯ ಆಂಪೂಲುಗಳನ್ನು ಒಂದೇ ಟ್ರೇಯಲ್ಲಿ ಇಡಬಾರದೆಂದು ಎಲ್ಲ ಆಸ್ಪತ್ರೆಗೂ ತಿಳಿಯುತ್ತಿತ್ತು, ದಣಿದ ಕೈಗೆ ಔಷಧ ಕೊಡುವುದು ಎಂಥ ಅಪಾಯ ಎಂಬುದೂ ತಿಳಿಯುತ್ತಿತ್ತು. ಆದರೆ ಬರೆದರೆ ಮರುದಿನ ಎರಡನೇ ನೋಟಿಸು ಯಾರಿಗೆ ಬರುತ್ತದೆಂದು ಮಲ್ಲಪ್ಪನನ್ನು ಕೇಳಬೇಕಾಗಿರಲಿಲ್ಲ. ತಪ್ಪು ಮಾಡುವ ಮೊದಲು ತಾನಾಗಿ ನಿಂತು, ಓದಿ ನೋಡಿ ಎಂದು ಕರೆದವಳಿಗೆ ಬರುತ್ತಿತ್ತು. ಸುಳ್ಳು ಬರೆದದ್ದಕ್ಕೆ ಬಂದ ನೋಟಿಸಿಗೆ ನಾನು ಇನ್ನೊಂದು ಸೊನ್ನೆ ಬರೆದೆ. "ಯಾವುದೇ ಪರಿಣಾಮ ಉಂಟಾಗಿರುವುದಿಲ್ಲ." ನನ್ನ ಸೇವಾ ಪುಸ್ತಕದಲ್ಲಿ ಒಂದು ಎಚ್ಚರಿಕೆ ಸೇರಿತು. ಅದೇ ಕಡತದಲ್ಲಿ ಮನೋಸ್ಥೈರ್ಯದ ಅಭಿನಂದನೆಯೂ ಇದೆ, ಅದನ್ನು ಯಾರೂ ವಾಪಸು ಪಡೆದಿಲ್ಲ.

ಈಗ ನಿವೃತ್ತಳಾಗಿ ನರ್ಸಿಂಗ್ ಓದುವ ಮಕ್ಕಳಿಗೆ ವಾರಕ್ಕೆ ಎರಡು ಪಾಠ ಹೇಳುತ್ತೇನೆ. ಒತ್ತಡ ನಿರ್ವಹಣೆ ಎಂದು ಒಂದು ಅಧ್ಯಾಯವೇ ಇದೆ. ಯೋಗ, ಉಸಿರಾಟ, ಹವ್ಯಾಸ ಎಂದೆಲ್ಲ ಪಟ್ಟಿಯಿದೆ. ಅದನ್ನೂ ಹೇಳುತ್ತೇನೆ. ಆದರೆ ಈ ಕೆಲಸ ನನಗೆ ಕಲಿಸಿದ್ದು ಬೇರೆ. ನನ್ನಿಂದ ಆಗುತ್ತಿಲ್ಲ ಎಂದು ಹೇಳಿದವರಿಗೆ ಎಲ್ಲಿ ಶಿಕ್ಷೆ ಕಾದಿರುತ್ತದೋ ಅಲ್ಲಿ ಎಲ್ಲರೂ ಆರಾಮಾಗಿಯೇ ಇರುತ್ತಾರೆ, ಕಾಗದದ ಮೇಲೆ. ಮೇಲ್ವಿಚಾರಕಿಯ ಮೊದಲ ಕೆಲಸ ಆ ಕಾಗದ ತುಂಬುವುದಲ್ಲ, ಕುರ್ಚಿ ಹೊರಗೆ ಹಾಕಿಕೊಂಡು ಕೇಳುವುದು.

ಇದನ್ನು ಬರೆಯುವ ಮೊದಲು ಶಾಹೀದಾಳಿಗೆ ಫೋನ್ ಮಾಡಿದೆ. ಅವತ್ತು ನೋಟಿಸಿನ ಉತ್ತರದಲ್ಲಿ ಬಿಟ್ಟದ್ದನ್ನು ಈಗ ಬರೆಯಲೇ ಎಂದು ಕೇಳಿದೆ. ಅವಳಿಗೆ ಈಗ ಬಡ್ತಿ ಬಂದಿದೆ, ತನ್ನ ಕೈಕೆಳಗೆ ಆರು ಜನರಿದ್ದಾರೆ.

"ಬರೀರಿ ಅಕ್ಕಾರ. ಆದ್ರ ನನ್ನ ಹೆಸರ ಬದಲ ಮಾಡ್ರಿ. ನಾ ಇನ್ನೂ ನೌಕರ್ಯಾಗ ಅದೀನಿ."

ಹೆಸರು ಬದಲಿಸಿದ್ದೇನೆ.